ಆ ಮುಚ್ಚಳಿಕೆ ಪತ್ರ ಯಾರಿಗೆ ಬರೆದದ್ದು?

ನಾಡಿನ ಪ್ರೌಢಶಾಲೆಗಳ ಮುಖ್ಯ ಶಿಕ್ಷಕರಿಗೆ, ಶಿಸ್ತಿನ ಹೊಣೆ ಹೆಗಲ ಮೇಲಿರುವ ದೈಹಿಕ ಶಿಕ್ಷಕರಿಗೆ, ಎಸ್‌ಡಿಎಂಸಿ ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ,



ಮಂಡ್ಯ ಜಿಲ್ಲೆಯಲ್ಲಿ 31 ವರ್ಷ ಕನ್ನಡ ಪಾಠ ಮಾಡಿ ನಿವೃತ್ತಳಾದವಳು ನಾನು. ಕೊನೆಯ ಎರಡು ವರ್ಷ ಪ್ರಭಾರ ಮುಖ್ಯ ಶಿಕ್ಷಕಿಯಾಗಿದ್ದೆ. ಚಾರ್ಜ್ ಕೊಡುವ ದಿನ ಕಚೇರಿಯ ಬೀರು ಖಾಲಿ ಮಾಡುವಾಗ ಕೆಳಗಿನ ಖಾನೆಯಲ್ಲಿ ಅಂಚು ಹರಿದ ಒಂದು ಕಡತ ಸಿಕ್ಕಿತು. ಮೇಲೆ ನೀಲಿ ಶಾಯಿಯಲ್ಲಿ ‘ಮುಚ್ಚಳಿಕೆ ಪತ್ರಗಳು’ ಎಂದು ಬರೆದಿತ್ತು. ನಿಂತಲ್ಲೇ ಓದತೊಡಗಿದವಳು ಕುರ್ಚಿ ಎಳೆದುಕೊಂಡು ಕೂತೆ. ಎಲ್ಲವೂ ಒಂದೇ ಅಚ್ಚು. ಮಾನ್ಯ ಮುಖ್ಯೋಪಾಧ್ಯಾಯರಿಗೆ, ನಾನು ಮಾಡಿದ ತಪ್ಪನ್ನು ಒಪ್ಪಿಕೊಳ್ಳುತ್ತೇನೆ, ಇನ್ನು ಮುಂದೆ ಇಂಥ ತಪ್ಪು ಮಾಡುವುದಿಲ್ಲ, ಮಾಡಿದರೆ ಟಿ.ಸಿ. ಕೊಟ್ಟು ಕಳಿಸಬಹುದು. ಕೆಳಗೆ ಮಗುವಿನ ಸಹಿ, ಅಪ್ಪನ ಸಹಿ ಇಲ್ಲವೇ ಹೆಬ್ಬೆಟ್ಟು. 60ಕ್ಕೂ ಹೆಚ್ಚು ಪತ್ರಗಳಿದ್ದವು. ಯಾರ ಹಲ್ಲು ಮುರಿಯಿತು, ಯಾರ ಪುಸ್ತಕ ಹರಿದರು, ಯಾರ ಜಡೆ ಕತ್ತರಿಸಿದರು ಎಂಬ ಹೆಸರು ನಾಲ್ಕೈದರಲ್ಲಿ ಇತ್ತಷ್ಟೆ. ನೋವುಂಡ ಮಗುವಿಗೇ ಬರೆದ ಪತ್ರ ಒಂದೂ ಇರಲಿಲ್ಲ. ಅವುಗಳಲ್ಲಿ ಹತ್ತೋ ಹನ್ನೆರಡೋ ಪತ್ರಗಳನ್ನು ನಾನೇ ಎದುರು ನಿಂತು ಬರೆಸಿದ್ದೆ.

ಆ ಕಡತವೇ ಇವತ್ತು ನಿಮಗೆ ಈ ಪತ್ರ ಬರೆಸುತ್ತಿದೆ. ನಿಮ್ಮ ಕೆಲಸದ ಹೊರೆ ನನಗೆ ಗೊತ್ತು. ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ, ಫಲಿತಾಂಶದ ಒತ್ತಡ, ಇವುಗಳ ನಡುವೆ ಇಬ್ಬರು ಹುಡುಗರು ಹೊಡೆದಾಡಿಕೊಂಡು ಕಚೇರಿ ಬಾಗಿಲಿಗೆ ಬಂದರೆ ಬೇಗ ಮುಗಿಸುವ ದಾರಿಯೇ ಕೈಗೆ ಸಿಗುವುದು. ಹಾಗೆ ಬೇಗ ಮುಗಿಸಿದ ಒಂದು ಪ್ರಕರಣವನ್ನು ಮೊದಲು ಹೇಳಿಬಿಡುತ್ತೇನೆ.

ಸುಮಾರು 20 ವರ್ಷದ ಹಿಂದಿನ ಮಾತು. ಎಸ್ಸೆಸ್ಸೆಲ್ಸಿ ಪರೀಕ್ಷೆ ಫೀಸನ್ನು ಮಕ್ಕಳಿಂದ ಕೂಡಿಸಿ ತರುವ ಕೆಲಸವನ್ನು ತರಗತಿಯ ಒಬ್ಬ ಹುಡುಗಿಗೆ ವಹಿಸಿದ್ದೆ. ಅವಳು ಜಾಮಿಟ್ರಿ ಬಾಕ್ಸಿನಲ್ಲಿ ಇಟ್ಟಿದ್ದ ಹಣ ಊಟದ ಬಿಡುವಿನಲ್ಲಿ ಹೋಯಿತು. ಹುಡುಕಿಸಿದೆವು. ಒಬ್ಬ ಹುಡುಗನ ಕಾಲುಚೀಲದಲ್ಲಿ ಸಿಕ್ಕಿತು. ಮಾರನೆಯ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಅವನನ್ನು ಎಲ್ಲರೆದುರು ನಿಲ್ಲಿಸಿದೆವು. ಅಪ್ಪ ಬಂದವರು ವರಾಂಡದಲ್ಲೇ ಚಪ್ಪಲಿ ಕಳಚಿ ಹೊಡೆದರು. ನಾವು ಯಾರೂ ತಡೆಯಲಿಲ್ಲ. ವಾರದೊಳಗೆ ಟಿ.ಸಿ. ಹೋಯಿತು. ಆ ವರ್ಷ ಅವನು ಪರೀಕ್ಷೆಗೆ ಕೂರಲಿಲ್ಲ. ಹಣ ಪೂರ್ತಿ ವಾಪಸು ಬಂದಿತ್ತು, ತಪ್ಪಿಗೆ ಶಿಕ್ಷೆಯೂ ಆಗಿತ್ತು, ನಮ್ಮ ಲೆಕ್ಕದಲ್ಲಿ ವಿಷಯ ಮುಗಿದಿತ್ತು.

ಆ ಹುಡುಗಿಯ ಲೆಕ್ಕದಲ್ಲಿ ಮುಗಿದಿರಲಿಲ್ಲ. ಅವಳು ಮಧ್ಯೆ ಮಧ್ಯೆ ಶಾಲೆ ತಪ್ಪಿಸತೊಡಗಿದಳು. ಪರೀಕ್ಷೆಗೆ ಹದಿನೈದು ದಿನ ಇದೆ ಎನ್ನುವಾಗ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದಳು: “ಮಿಸ್, ಅವನು ಯಾಕೆ ತಗೊಂಡ? ನನ್ನ ಮೇಲೆ ಏನಾದ್ರೂ ಸಿಟ್ಟಿತ್ತಾ?” ಬಸ್‌ಸ್ಟಾಪಿನಲ್ಲಿ ಅವನ ಊರಿನವರು “ನಿನ್ನಿಂದ ಒಬ್ಬನ ಓದು ಹೋಯ್ತು” ಎಂದು ದಿನಾ ಅನ್ನುತ್ತಿದ್ದರಂತೆ. ನನ್ನ ಬಳಿ ಉತ್ತರ ಇರಲಿಲ್ಲ. ಎಷ್ಟು ಕದ್ದೆ, ಎಲ್ಲಿ ಬಚ್ಚಿಟ್ಟೆ, ಜೊತೆಗೆ ಯಾರಿದ್ದರು ಎಂದೆಲ್ಲ ಅವನನ್ನು ಕೇಳಿದ್ದೆವು. “ಯಾಕೋ?” ಎಂದೂ ಗದರಿದ್ದೆವು, ಆದರೆ ಉತ್ತರಕ್ಕೆ ಕಾದಿರಲಿಲ್ಲ. ಹಣ ಕಳೆದುಕೊಂಡವಳನ್ನಂತೂ ಒಂದು ಮಾತೂ ಕೇಳಿರಲಿಲ್ಲ.

ನಾರ್ವೆಯ ಅಪರಾಧಶಾಸ್ತ್ರಜ್ಞ ನಿಲ್ಸ್ ಕ್ರಿಸ್ಟಿ 1977ರಲ್ಲಿ ಬರೆದ ಒಂದು ಲೇಖನವನ್ನು ತೀರಾ ತಡವಾಗಿ ಓದಿದೆ. ಜಗಳ ಎನ್ನುವುದು ಜಗಳವಾಡಿದವರ ಸೊತ್ತು, ಅದನ್ನು ಅವರ ಕೈಯಿಂದ ವಕೀಲರೂ ಸರ್ಕಾರವೂ ಕಿತ್ತುಕೊಂಡಿವೆ ಎಂಬುದು ಅವರ ವಾದ. ನಮ್ಮ ನ್ಯಾಯಾಲಯಗಳನ್ನೇ ನೋಡಿ. ಒಬ್ಬರ ಕೈ ಮುರಿದ ಕೇಸು ‘ಕರ್ನಾಟಕ ರಾಜ್ಯ ವಿರುದ್ಧ ಇಂಥವರು’ ಎಂದು ನಡೆಯುತ್ತದೆ. ಕೈ ಮುರಿಸಿಕೊಂಡವರು ಅದರಲ್ಲಿ ಒಂದನೇ ಸಾಕ್ಷಿ. ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು ಅವರು ಕಟಕಟೆ ಇಳಿಯಬೇಕು. ಓದುತ್ತಿದ್ದಂತೆ ನನಗೆ ನಮ್ಮ ಬೀರುವಿನ ಕಡತ ಕಣ್ಣಿಗೆ ಬಂತು. ಮಗುವೊಂದು ಮಗುವಿಗೆ ಮಾಡಿದ ತಪ್ಪನ್ನು ಮುಖ್ಯೋಪಾಧ್ಯಾಯರಿಗೆ ಮಾಡಿದ ತಪ್ಪು ಎಂದು ಬರೆಸಿಕೊಂಡು ಬೀಗ ಹಾಕಿಟ್ಟಿದ್ದೆವು.

ಇದಕ್ಕೆ ಬೇರೆ ದಾರಿ ಇದೆ. ಪುಸ್ತಕಗಳಲ್ಲಿ ಅದನ್ನು ಪುನಃಸ್ಥಾಪನಾ ನ್ಯಾಯ ಎನ್ನುತ್ತಾರೆ. ಮುರಿದದ್ದನ್ನು ಮುರಿದವರೇ ಕೂಡಿಸಿಕೊಡುವ ನ್ಯಾಯ ಎಂದು ನಾನು ಮಕ್ಕಳಿಗೆ ಹೇಳುತ್ತಿದ್ದೆ. ಅಮೆರಿಕದ ಹೋವರ್ಡ್ ಝೆಹ್ರ್ 1990ರಲ್ಲಿ ಇದರ ಬಗ್ಗೆ ಒಂದು ಮುಖ್ಯ ಪುಸ್ತಕ ಬರೆದರು. ಯಾವ ನಿಯಮ ಮುರಿಯಿತು, ಯಾರು ಮುರಿದರು, ಏನು ಶಿಕ್ಷೆ ಎಂದು ಕೇಳುವ ಮೊದಲು ಯಾರಿಗೆ ನೋವಾಯಿತು, ಅವರಿಗೆ ಈಗ ಏನು ಬೇಕು, ಅದನ್ನು ಮಾಡಿಕೊಡುವ ಹೊಣೆ ಯಾರದು ಎಂದು ಕೇಳಿ ಎನ್ನುತ್ತಾರೆ ಅವರು. ಈ ಪ್ರಶ್ನೆಗಳಿಗೆ ಉತ್ತರ ಎದುರುಬದುರು ಕೂತು ಮಾತಾಡಿದರೆ ಮಾತ್ರ ಸಿಗುತ್ತದೆ, ಕಡತದಿಂದ ಸಿಗುವುದಿಲ್ಲ.

ಈ ಕಾಲದಲ್ಲಿ ಇದು ಶುರುವಾದ ಬಗೆ ಕೇಳಿ. 1974ರ ಮೇ ತಿಂಗಳ ಒಂದು ರಾತ್ರಿ ಕೆನಡಾದ ಎಲ್ಮಿರಾ ಎಂಬ ಸಣ್ಣ ಊರಿನಲ್ಲಿ ಕುಡಿದ ಅಮಲಿನಲ್ಲಿದ್ದ ಇಬ್ಬರು ತರುಣರು 22 ಕಡೆ ಹಾವಳಿ ಮಾಡಿದರು. ಕಿಟಕಿ ಒಡೆದರು, ಕಾರುಗಳ ಟೈರು ಕುಯ್ದರು. ಅವರ ಮೇಲೆ ವರದಿ ಬರೆಯಬೇಕಿದ್ದ ಪ್ರೊಬೇಷನ್ ಅಧಿಕಾರಿ ಮಾರ್ಕ್ ಯಾಂಟ್ಸಿ, ಇವರು ಹಾನಿಗೊಳಗಾದವರನ್ನು ಮುಖಾಮುಖಿ ಭೇಟಿಯಾದರೆ ಒಳ್ಳೆಯದು ಎಂದು ಸೂಚಿಸಿದರು. ಅಂಥ ಆದೇಶ ಹಿಂದೆ ಯಾರೂ ಮಾಡಿರಲಿಲ್ಲ. ಆದರೂ ನ್ಯಾಯಾಧೀಶರು ಒಪ್ಪಿದರು. ಇಬ್ಬರೂ ಮನೆ ಮನೆಯ ಬಾಗಿಲು ತಟ್ಟಿ, ಮಾಡಿದವರು ನಾವೇ ಎಂದು ಹೇಳಿ, ಎಷ್ಟು ನಷ್ಟವಾಯಿತು ಎಂದು ಕೇಳಿ ಬರೆದುಕೊಂಡರು. ಕೆಲವೇ ತಿಂಗಳಲ್ಲಿ ಮತ್ತೆ ಅದೇ ಬಾಗಿಲುಗಳಿಗೆ ಹೋಗಿ ಹಣ ಕೊಟ್ಟರು. ಅವರಲ್ಲಿ ಒಬ್ಬರು ವರ್ಷಗಳ ನಂತರ ಇದೇ ಸಂಧಾನದ ಕೆಲಸಕ್ಕೆ ಸ್ವಯಂಸೇವಕರಾಗಿ ಬಂದರು. ನನಗೆ ಇದರಲ್ಲಿ ದೊಡ್ಡದಾಗಿ ಕಾಣುವುದು ಆ ಬಾಗಿಲು ತಟ್ಟಿದ ಗಳಿಗೆ. ಅದರ ಮುಂದೆ ದಂಡ ಕಟ್ಟಿ ರಸೀದಿ ತೆಗೆದುಕೊಳ್ಳುವುದು ಎಷ್ಟು ಸಲೀಸು!

ನ್ಯೂಜಿಲೆಂಡಿನಲ್ಲಿ ಮಾವೋರಿ ಜನ, ನಮ್ಮ ಮಕ್ಕಳ ವಿಷಯವನ್ನು ನಮ್ಮನ್ನು ಕೇಳದೆ ತೀರ್ಮಾನಿಸುತ್ತೀರಿ ಎಂದು ದನಿಯೆತ್ತಿದರು. 1989ರಲ್ಲಿ ಅಲ್ಲಿ ಕಾನೂನೇ ಬಂತು. ತಪ್ಪು ಮಾಡಿದ ಹುಡುಗ, ಅವನ ಕುಟುಂಬ, ಪೊಲೀಸರು, ಒಪ್ಪಿದರೆ ನೊಂದವರು, ಎಲ್ಲರೂ ಕೂತು ಮುಂದೇನು ಎಂದು ತೀರ್ಮಾನಿಸುವ ಕುಟುಂಬ ಸಭೆ ಅಲ್ಲಿಯ ವ್ಯವಸ್ಥೆಯ ಭಾಗ. ನಮ್ಮ 2015ರ ಬಾಲನ್ಯಾಯ ಕಾಯ್ದೆಯೂ ಇದಕ್ಕೆ ದೂರದ್ದಲ್ಲ. ಆದಷ್ಟು ಮಟ್ಟಿಗೆ ಮಗುವನ್ನು ನ್ಯಾಯಾಂಗದ ಕಟ್ಟಳೆಗಳಿಗೆ ಎಳೆಯದೆ ಬೇರೆ ದಾರಿ ಹುಡುಕಬೇಕು, ಮಗುವಿನ ಮಾತು ಕೇಳಬೇಕು, ಹಳೆಯ ದಾಖಲೆ ಅಳಿಸಿ ಹೊಸ ಬದುಕಿಗೆ ಅವಕಾಶ ಕೊಡಬೇಕು ಎಂಬುವು ಆ ಕಾಯ್ದೆಯ ಮೂಲತತ್ತ್ವಗಳಲ್ಲಿ ಸೇರಿವೆ. ಬಾಲನ್ಯಾಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರ ಜೊತೆಗೆ ಇಬ್ಬರು ಸಮಾಜ ಕಾರ್ಯಕರ್ತರು ಕೂರುತ್ತಾರೆ. ಮಂಡಳಿ ಗುಂಪು ಸಮಾಲೋಚನೆಗೆ, ಸಮುದಾಯ ಸೇವೆಗೆ ಆದೇಶಿಸಬಹುದು. ಪೊಲೀಸು ಕೇಸಾದ ಮಗುವಿಗೆ ಕಾನೂನು ಇಷ್ಟು ತಾಳ್ಮೆ ತೋರಿಸುವಾಗ, ಬೆಂಚಿನ ಮೇಲೆ ಹೆಸರು ಕೆತ್ತಿದ ಮಗುವಿಗೆ ನಾವು ತೋರಿಸಬಾರದೇ?

ಈಗ ನಾನು ಕಣ್ಣಾರೆ ಕಂಡ ಇನ್ನೊಂದು ಪ್ರಕರಣ. ನಾನು ಪ್ರಭಾರದಲ್ಲಿದ್ದಾಗ ನಡೆದದ್ದು. ಹತ್ತನೇ ತರಗತಿಯ ಇಬ್ಬರು ಹುಡುಗರು ಎಂಟನೇ ತರಗತಿಯ ಒಬ್ಬನ ಸೈಕಲ್ಲನ್ನು ನಾಲೆಗೆ ನೂಕಿದರು. ಸರ್ಕಾರ ಕೊಟ್ಟ ಹೊಸ ಸೈಕಲ್ಲು, ಹ್ಯಾಂಡಲಿನ ಪ್ಲಾಸ್ಟಿಕ್ಕೂ ಬಿಚ್ಚಿರಲಿಲ್ಲ. ಐದು ದಿನ ಆ ಹುಡುಗ ನಾಲ್ಕು ಕಿಲೋಮೀಟರ್ ನಡೆದು ಬಂದ. ಕೊನೆಗೆ ಯಾರೋ ಹೇಳಿ ಗೊತ್ತಾಯಿತು. ನಮ್ಮ ಸ್ಟಾಫ್ ರೂಮಿನಲ್ಲಿ ಟಿ.ಸಿ.ಯ ಮಾತೂ ಬಂತು, ಪೊಲೀಸ್ ಕಂಪ್ಲೇಂಟಿನ ಮಾತೂ ಬಂತು. ಮೂರು ದಿನ ಕೊಡಿ ಎಂದು ಸಹೋದ್ಯೋಗಿಗಳನ್ನು ಕೇಳಿಕೊಂಡೆ.

ಮೊದಲ ದಿನ ಹೊಂಗೆ ಮರದ ಕೆಳಗೆ ಸಣ್ಣವನ ಜೊತೆ ಕೂತೆ. ಏನಾಗಬೇಕು ನಿನಗೆ ಎಂದರೆ “ಏನೂ ಬ್ಯಾಡ ಮಿಸ್” ಎಂದು ಕಾಲಬೆರಳಲ್ಲಿ ಮಣ್ಣು ಕೆದಕಿದ. ದೊಡ್ಡವರಿಬ್ಬರನ್ನು ಬೇರೆ ಬೇರೆ ಕರೆದು ಮಾತಾಡಿದೆ, ಅವರ ಮನೆಗೂ ಹೋದೆ. ಎರಡನೇ ದಿನ ಸಣ್ಣವನೇ ಬಂದು, ಎದುರಿಗೆ ಹೇಳ್ತೀನಿ, ಆದರೆ ನಮ್ಮ ತಾತ ಪಕ್ಕದಲ್ಲಿ ಕೂತಿರಬೇಕು ಎಂದ. ಅವ್ವ ಕೂಲಿ ಬಿಟ್ಟು ಬರುವಂತಿರಲಿಲ್ಲ.

ಮೂರನೇ ದಿನ ಲೈಬ್ರರಿ ಕೋಣೆಯಲ್ಲಿ ಮೇಜು ಪಕ್ಕಕ್ಕೆ ಸರಿಸಿ ದುಂಡಗೆ ಕುರ್ಚಿ ಹಾಕಿದೆವು. ಉತ್ತರ ಅಮೆರಿಕದ ಮೂಲನಿವಾಸಿಗಳಲ್ಲಿ ಹೀಗೆ ದುಂಡಗೆ ಕೂತು, ಒಂದು ವಸ್ತು ಕೈಯಲ್ಲಿದ್ದವರು ಮಾತ್ರ ಮಾತಾಡುವ ಪದ್ಧತಿ ಇದೆ. ನಮ್ಮ ಕೈಗೆ ಸಿಕ್ಕಿದ್ದು ಕರಿಹಲಗೆಯ ಡಸ್ಟರು. ಸಣ್ಣವನಿಗೆ ಮೊದಲು ಕೊಟ್ಟೆ. ಎರಡೂ ಕೈಯಲ್ಲಿ ಅದನ್ನು ಗಟ್ಟಿಯಾಗಿ ಹಿಡಿದುಕೊಂಡ. ನೀಲಿ ಚಡ್ಡಿಯ ಮೇಲೆಲ್ಲ ಸೀಮೆಸುಣ್ಣದ ಪುಡಿ ಉದುರಿತು. ಎಷ್ಟೋ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: “ನಾನು ಸೈಕಲ್ ಮಾರ್ಕಂಡಿದೀನಿ ಅಂತ ಅವ್ವ ಅಂದ್ಕಂಡವ್ಳೆ. ಮೂರು ದಿನದಿಂದ ಮಾತಾಡ್ಸಿಲ್ಲ. ಇವ್ರು ಬಂದು ಅವ್ವಂಗೆ ಹೇಳ್ಬೇಕು.”

ಅಷ್ಟೇ. ಹೊಸ ಸೈಕಲ್ ಕೇಳಲಿಲ್ಲ, ಹೊಡೆಯಿರಿ ಎನ್ನಲಿಲ್ಲ. ನಾನು ಶಿಕ್ಷೆಯ ನೂರು ಬಗೆ ಯೋಚಿಸಿದ್ದರೂ ಇದು ನನಗೆ ಹೊಳೆಯುತ್ತಿರಲಿಲ್ಲ.

ಡಸ್ಟರು ದೊಡ್ಡವರಲ್ಲಿ ಒಬ್ಬನ ಕೈಗೆ ಹೋಯಿತು. ತಮಾಷೆಗೆ ಮಾಡಿದ್ದು ಎಂದು ಶುರುಮಾಡಿ ಅಲ್ಲೇ ನಿಂತುಬಿಟ್ಟ. ತುಸು ಹೊತ್ತಾದ ಮೇಲೆ, ಅವನು ಬೆಲ್ಲು ಹೊಡ್ಕಂಡು ಓಡಾಡೋದು ನೋಡಿ ಸಿಟ್ಟು ಬರ್ತಿತ್ತು, ನಮ್ಮಪ್ಪ ನನ್ನ ಸೈಕಲ್ ಮಾರ್ಬಿಟ್ರು ಎಂದ. ಅವನ ಅಪ್ಪ ಅಲ್ಲೇ ಕೂತಿದ್ದರು. ಯಾರೂ ಏನೂ ಅನ್ನಲಿಲ್ಲ. ಅವರು ಹೆಗಲ ಟವೆಲ್ ತೆಗೆದು ಮುಖ ಒರೆಸಿಕೊಂಡರು.

ಅಂದು ಸಂಜೆ ಇಬ್ಬರೂ ಆ ತಾಯಿಯ ಮನೆಗೆ ಹೋಗಿ ನಡೆದದ್ದು ಹೇಳಿದರು. ನಾಲೆಯಿಂದ ಸೈಕಲ್ ಎತ್ತಿದರು. ರಿಮ್ಮು ಸೊಟ್ಟಗಾಗಿತ್ತು, ಸರಪಳಿ ತುಕ್ಕು ಹಿಡಿದಿತ್ತು. ಸಾಮಾನಿನ ಖರ್ಚು ಎರಡು ಮನೆಯವರು ಹಂಚಿಕೊಂಡರು. ಸೈಕಲ್ ಶಾಪಿನವರು ಹೇಳಿಕೊಟ್ಟಂತೆ ಮೂರು ಭಾನುವಾರ ಹುಡುಗರೇ ಕೂತು ರಿಪೇರಿ ಮಾಡಬೇಕು, ಅಲ್ಲಿಯವರೆಗೆ ಸಣ್ಣವನನ್ನು ದಿನಾ ಶಾಲೆಗೆ ಡಬಲ್ ರೈಡ್ ಕರೆತರಬೇಕು ಎಂದು ಬರೆದು ಎಲ್ಲರೂ ಸಹಿ ಹಾಕಿದೆವು. ಒಂದು ಪ್ರತಿ ಸಣ್ಣವನ ಕೈಯಲ್ಲಿ ಇಟ್ಟೆ. ನಾಲ್ಕಾಗಿ ಮಡಿಸಿ ಕನ್ನಡ ಪಠ್ಯಪುಸ್ತಕದೊಳಗೆ ಇಟ್ಟುಕೊಂಡ. ಎಲ್ಲವೂ ಚೆಂದವಾಗಿ ಆಯಿತು ಎಂದು ಹೇಳಲಾರೆ. ಇಬ್ಬರಲ್ಲಿ ಒಬ್ಬ ಮೂರನೇ ಭಾನುವಾರ ಬರಲಿಲ್ಲ, ಸಣ್ಣವನ ಮುಖ ನೋಡಿ ಮಾತಾಡಿದ್ದನ್ನು ನಾನು ಕೊನೆಯವರೆಗೂ ಕಾಣಲಿಲ್ಲ. ಆದರೆ ಸೈಕಲ್ ಓಡಿತು, ಅವ್ವ ಮಗನನ್ನು ಮಾತಾಡಿಸಿದಳು, ದೊಡ್ಡವರಿಬ್ಬರೂ ಎಸ್ಸೆಸ್ಸೆಲ್ಸಿಗೆ ಕೂತರು.

ಇದು ನಮ್ಮ ಅರಳಿಕಟ್ಟೆ ನ್ಯಾಯವೇ ಅಲ್ಲವೇ ಎಂದು ಎಸ್‌ಡಿಎಂಸಿ ಸಭೆಯಲ್ಲಿ ಹಿರಿಯರೊಬ್ಬರು ಕೇಳಿದ್ದರು. ಒಟ್ಟಿಗೆ ಕೂರುವುದರಲ್ಲಿ ಹೌದು. ಉಳಿದದ್ದರಲ್ಲಿ ಅಲ್ಲ ಎಂದು ವಿನಯದಿಂದಲೇ ಹೇಳಿದೆ. ಕಟ್ಟೆಯ ಮೇಲೆ ಮೊದಲು ಮಾತಾಡುವವರು ಊರ ದೊಡ್ಡವರು. ಬಡವರು, ಹೆಂಗಸರು, ಕೇರಿಯವರು ದೂರ ನಿಂತು ಕೇಳಿಸಿಕೊಂಡದ್ದೇ ಹೆಚ್ಚು. “ಹೊಂದ್ಕೊಂಡು ಹೋಗಿ” ಎಂಬ ಮಾತು ಯಾವಾಗಲೂ ಕೈಲಾಗದವರ ಕಡೆಗೇ ತಿರುಗುತ್ತಿತ್ತು. ನಾನು ಹೇಳುವ ಮಾತುಕತೆಯಲ್ಲಿ ಮೊದಲ ಮಾತು ನೊಂದವರದು, ಬೇಡ ಎನ್ನುವ ಹಕ್ಕೂ ಅವರದೇ.

ಆ ಹಕ್ಕನ್ನು ಒಮ್ಮೆ ನಾನೇ ಮರೆತೆ. ಸೈಕಲ್ ಪ್ರಕರಣದ ಹುರುಪಿನಲ್ಲಿದ್ದೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳಿಗೆ ಅಡ್ಡಹೆಸರಿಟ್ಟು ಕೆಲವರು ಗೋಡೆಗಳ ಮೇಲೆಲ್ಲ ಬರೆದಿದ್ದರು. ಅವಳಿಗೆ ಅವರ ಎದುರು ಕೂರಲು ಇಷ್ಟವಿರಲಿಲ್ಲ. “ಧೈರ್ಯ ಮಾಡಮ್ಮ, ನಾನಿದ್ದೀನಲ್ಲ” ಎಂದು ಒತ್ತಾಯಿಸಿ ಕೂರಿಸಿದೆ. ಹುಡುಗರು ಒಕ್ಕೊರಲಿನಿಂದ ಸಾರಿ ಎಂದರು. ಅವಳು ನನ್ನ ಮುಖ ನೋಡಿ “ಪರವಾಗಿಲ್ಲ” ಎಂದಳು. ಮಾರನೆಯ ದಿನದಿಂದ ಶಾಲೆಗೆ ಬರಲಿಲ್ಲ. ನಾಲ್ಕು ದಿನ ಅವರ ಮನೆಗೆ ಹೋಗಿ ಕೂತು, ತಪ್ಪು ನನ್ನದು ಎಂದು ಅವಳ ಕ್ಷಮೆ ಕೇಳಿದ ಮೇಲೆ ಬಂದಳು. ಆ “ಪರವಾಗಿಲ್ಲ” ಅವಳು ನನಗೋಸ್ಕರ ಹೇಳಿದ್ದು. ಅದನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ.

ಇನ್ನೊಂದು ಮಾತನ್ನು ಕಟ್ಟುನಿಟ್ಟಾಗಿ ಹೇಳಬೇಕು. ಲೈಂಗಿಕ ಕಿರುಕುಳದ ಸುಳಿವು ಸಿಕ್ಕರೆ ದುಂಡಗೆ ಕುರ್ಚಿ ಹಾಕುವ ಯೋಚನೆಯನ್ನೇ ಮಾಡಬೇಡಿ. 2012ರ ಪೋಕ್ಸೋ ಕಾಯ್ದೆಯ ಪ್ರಕಾರ ವಿಷಯ ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಅತ್ಯಾಚಾರದ ಪ್ರಕರಣದಲ್ಲಿ ರಾಜಿಗೆ, ಸಂಧಾನಕ್ಕೆ ಜಾಗವಿಲ್ಲವೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಸ್ಪಷ್ಟವಾಗಿ ಹೇಳಿದೆ. ಜಾತಿಯ ಹೆಸರಿನ ದೌರ್ಜನ್ಯವೂ ಹಾಗೆಯೇ. ಅದಕ್ಕೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ, ಅದರ ದಾರಿಯಲ್ಲೇ ಹೋಗಬೇಕು. ಶಾಲೆಯ ಹೆಸರು ಕೆಡುತ್ತದೆಂದು ಇಂಥದ್ದನ್ನು ಒಳಗೊಳಗೇ ಮಾತಾಡಿ ಮುಚ್ಚಿಹಾಕುವುದಕ್ಕೆ ಸಂವಾದ ಎಂಬ ಹೆಸರು ಕೊಟ್ಟರೆ ಅದು ಆ ಮಗುವಿಗೆ ಎರಡನೇ ಸಲ ಮಾಡುವ ಅನ್ಯಾಯ. ಗೊತ್ತಾಗದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ ಕೇಳಿ.

ಉಳಿದ ಜಗಳ, ಕಳವು, ಹೊಡೆದಾಟ, ಹಾಳುಗೆಡವುವುದು, ಹೀಯಾಳಿಸುವುದು, ಇವುಗಳಿಗಾಗಿ ನಿಮ್ಮಲ್ಲಿ ಬೇಡಿಕೊಳ್ಳುತ್ತಿದ್ದೇನೆ. ಟಿ.ಸಿ. ಪುಸ್ತಕ ತೆಗೆಯುವ ಮೊದಲು ಮೂರು ದಿನ ಕಾಯಿರಿ. ಎಂಟನೇ ತರಗತಿಯವರೆಗೆ ಮಗುವನ್ನು ಹೊರಹಾಕುವುದು ಶಿಕ್ಷಣ ಹಕ್ಕು ಕಾಯ್ದೆಗೇ ವಿರುದ್ಧ ಎಂಬುದು ನಿಮಗೆ ಗೊತ್ತೇ ಇದೆ. ಒಂಬತ್ತು, ಹತ್ತರ ಮಕ್ಕಳಿಗೆ ಆ ರಕ್ಷಣೆ ಇಲ್ಲ, ನಿಮ್ಮ ತಾಳ್ಮೆಯೊಂದೇ ಅವರಿಗೆ ಆಸರೆ. ಆ ಮೂರು ದಿನದಲ್ಲಿ ಮೊದಲು ನೊಂದ ಮಗುವನ್ನು ಒಂಟಿಯಾಗಿ ಕೂರಿಸಿಕೊಂಡು ಕೇಳಿ. ಅದು ಬೇಡ ಎಂದರೆ ಅಲ್ಲಿಗೆ ಬಿಡಿ, ಕಾರಣ ಕೇಳಬೇಡಿ. ತಪ್ಪು ಮಾಡಿದವನನ್ನು ಪ್ರಾರ್ಥನೆಯಲ್ಲಿ ನಿಲ್ಲಿಸಬೇಡಿ. ಒಮ್ಮೆ ಎಲ್ಲರೆದುರು ತಲೆ ತಗ್ಗಿಸಿದ ಮಗು ಆಮೇಲೆ ಕೋಣೆಯೊಳಗೆ ಬಾಯಿ ಬಿಡುವುದಿಲ್ಲ. ಮಾತುಕತೆ ನಡೆಸುವವರು ತರಗತಿ ಶಿಕ್ಷಕರೇ ಆಗಬೇಕೆಂದಿಲ್ಲ. ಇಬ್ಬರೂ ಮಕ್ಕಳು ನಂಬುವ ಯಾರಾದರೂ ಸರಿ, ಕೆಲವು ಶಾಲೆಗಳಲ್ಲಿ ಅದು ಅಡುಗೆಯವರೇ ಆಗಿರಬಹುದು. ದೈಹಿಕ ಶಿಕ್ಷಕರೇ, ಮಕ್ಕಳು ಮೈದಾನದಲ್ಲಿ ನಿಮ್ಮ ಹತ್ತಿರ ಆಡುವ ಮಾತನ್ನು ನಮ್ಮ ಹತ್ತಿರ ಆಡುವುದಿಲ್ಲ. ನೀವು ಈ ಕೆಲಸಕ್ಕೆ ಕೂರಬೇಕೆಂದು ನನ್ನ ವಿಶೇಷ ಪ್ರಾರ್ಥನೆ. ಎಸ್‌ಡಿಎಂಸಿಯ ಬಂಧುಗಳೇ, ತಂದೆ ತಾಯಿಯನ್ನು ಕಚೇರಿಗೆ ಕರೆಸುವ ಮೊದಲು ಅವರ ಮನೆಗೆ ಒಮ್ಮೆ ಹೋಗಿಬನ್ನಿ. ಕೂಲಿ ಬಿಟ್ಟು, ಅವಮಾನ ಹೊತ್ತು ಬಂದ ಅಪ್ಪ ವರಾಂಡದಲ್ಲಿ ಚಪ್ಪಲಿ ಕಳಚುತ್ತಾನೆ. ಒಪ್ಪಂದ ಆದ ಮೇಲೆ ಹದಿನೈದು ದಿನಕ್ಕೊಂದು ದಿನಾಂಕ ಗೊತ್ತುಮಾಡಿ ಮತ್ತೆ ಕೂತು ನೋಡಿ. ನಾನು ಆ ಮೂರನೇ ಭಾನುವಾರವನ್ನು ಹಾಗೇ ಬಿಟ್ಟದ್ದು ತಪ್ಪು.

ಮತ್ತೆ ಆ ಮುಚ್ಚಳಿಕೆ ಪತ್ರ. ಅದರ ಮಾದರಿ ನಿಮ್ಮ ಬೀರುವಿನಲ್ಲೂ ಇದ್ದೀತು. ಮೊದಲ ಸಾಲಿನ ‘ಮಾನ್ಯ ಮುಖ್ಯೋಪಾಧ್ಯಾಯರಿಗೆ’ ಎಂಬುದನ್ನು ಹೊಡೆದುಹಾಕಿ, ನೊಂದ ಮಗುವಿನ ಹೆಸರು ಬರೆಯಲು ಜಾಗ ಬಿಡಿ. ‘ಇನ್ನು ಮುಂದೆ ಮಾಡುವುದಿಲ್ಲ’ ಎಂಬ ಸಾಲಿನ ಜಾಗದಲ್ಲಿ ‘ಇದನ್ನು ಸರಿಮಾಡಲು ನಾನು’ ಎಂದಷ್ಟೇ ಇರಲಿ, ಉಳಿದದ್ದನ್ನು ಮಕ್ಕಳು ತುಂಬಲಿ. ಅದರ ಒಂದು ಪ್ರತಿ ನೊಂದ ಮಗುವಿನ ಕೈಗೆ ಹೋಗಲಿ. ವರ್ಷದ ಕೊನೆಗೆ ಕಚೇರಿಯ ಪ್ರತಿಯನ್ನು ಹರಿದುಹಾಕಿ.

ಹೇಗೆ ಶುರುಮಾಡುವುದೆಂದು ತೋಚದಿದ್ದರೆ ನನ್ನನ್ನು ಕರೆಯಿರಿ. ಮಂಡ್ಯ ಜಿಲ್ಲೆಯ ಯಾವ ಶಾಲೆಗಾದರೂ ಬಂದು ಮೂರು ದಿನ ಕೂರುತ್ತೇನೆ. ಒಂದು ಡಸ್ಟರು, ಮೇಜಿಲ್ಲದ ಒಂದು ಕೋಣೆ ಇದ್ದರೆ ಸಾಕು.



ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಕನ್ನಡ ಶಿಕ್ಷಕಿ
ಮಂಡ್ಯ ಜಿಲ್ಲೆ